ಒರೆಯಲ್ಲೇ ಉಳಿದ ಪಿಸ್ತೂಲು

ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದ ಕಾವಲಿನವನ ಬಲಗೈ ಪಿಸ್ತೂಲಿನ ಹಿಡಿಯ ಮೇಲೆಯೇ ಇತ್ತು. ಪಿಸ್ತೂಲು ಮಾತ್ರ ಒರೆ ಬಿಟ್ಟು ಕದಲಿರಲಿಲ್ಲ.

ಗುರುವಾರ ಬೆಳಗ್ಗೆ ಹನ್ನೊಂದೂಕಾಲು. ಆಭರಣ ಕಾರ್ಖಾನೆಯ ಹಿಂದಿನ ಗೇಟು. ಸಿಮೆಂಟಿನ ಮೆಟ್ಟಿಲ ಮೇಲೆ ಮೀಸೆ ಮಗ್ಗುಲಾಗಿ ಬಿದ್ದಿದ್ದ. ಎದೆಗೆ ಒಂದೇ ಗುಂಡು. ಪಕ್ಕದಲ್ಲಿ ಅವನು ಕೂರುತ್ತಿದ್ದ ಸ್ಟೂಲು, ಸ್ಟೂಲಿನ ಕೆಳಗೆ ತಟ್ಟೆ ಮುಚ್ಚಿಟ್ಟ ಚಹಾದ ಲೋಟ. ಬೈಕಿನಲ್ಲಿ ಬಂದ ಇಬ್ಬರು ಕಾವಲಿನವನಿಗೆ ಗುಂಡು ಹೊಡೆದು, ವ್ಯಾನಿಗೆ ಏರಿಸಲು ತಂದಿಟ್ಟಿದ್ದ ಒಡವೆಯ ಪೆಟ್ಟಿಗೆ ಎತ್ತಿಕೊಂಡು ಹೋಗಿದ್ದರು. ಎಲ್ಲ ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ ಎಂದು ಒಳಗೆ ಪಾಲಿಶ್ ಮಾಡುತ್ತಿದ್ದ ಕೆಲಸಗಾರ ಹೇಳಿದ. ಹೇಳುತ್ತ ಹೇಳುತ್ತ ಅಲ್ಲೇ ಕುಸಿದು ಕುಳಿತ.

ಇನ್ಸ್‌ಪೆಕ್ಟರ್ ಮೇಡಂ ಮಂಡಿಯೂರಿ ನೋಡಿದರು. ಒರೆಯ ಪಟ್ಟಿಯ ಗುಂಡಿ ಬಿಚ್ಚಿತ್ತು. ಸೊಂಟದ ಬೆಲ್ಟು ಒಂದು ಗೇಣು ಮೇಲಕ್ಕೆ ಜಗ್ಗಿಕೊಂಡು ಬಂದಿತ್ತು. ಫೋಟೋ ಎಲ್ಲ ಆದ ಮೇಲೆ ಪಿಸ್ತೂಲು ಹೊರಗೆ ತೆಗೆಯಲು ನನಗೆ ಹೇಳಿದರು.

ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಕೊನೆಗೆ ಒಬ್ಬ ಕಾನ್ಸ್‌ಟೇಬಲ್ ಒರೆಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದ, ನಾನು ಕಾಲು ಊರಿ ಜಗ್ಗಿದೆ. ಪಿಸ್ತೂಲು ಕೀರಲು ಸದ್ದು ಮಾಡುತ್ತ ಹೊರಬಂತು. ಅದರ ಮೈಮೇಲೆ ಅಲ್ಲಲ್ಲಿ ಕೆಂಪು ತುಕ್ಕು. ನಮ್ಮೂರಿನ ಗಾಳಿಯೇ ಹಾಗೆ. ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ, ಉಪ್ಪಿನ ಡಬ್ಬಿ ನೀರು ಬಿಡುತ್ತದೆ. ತುಕ್ಕನ್ನು ನೋಡಿದೆ, ನೋಡಿ ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಯಾಕೆಂದರೆ ತುಕ್ಕು ನೋಡುವುದೇ ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಠಾಣೆಯ ಆಯುಧ ಕೋಣೆ ನನ್ನ ಉಸ್ತುವಾರಿಯಲ್ಲಿದೆ. ಹುಡುಗರು ಬೆನ್ನ ಹಿಂದೆ ತುಕ್ಕಣ್ಣ ಅನ್ನುತ್ತಾರೆ. ಮೀಸೆ ಮುಖದ ಮುಂದೆಯೇ ಅನ್ನುತ್ತಿದ್ದ. ಅವನ ಕಾವಲು ಕಂಪನಿಯವರು ವರ್ಷಕ್ಕೊಮ್ಮೆ ನಮ್ಮ ಮೈದಾನದಲ್ಲಿ ಗುಂಡು ಹಾರಿಸುವ ಅಭ್ಯಾಸಕ್ಕೆ ಬರುತ್ತಿದ್ದರು. ಐವತ್ತನಾಲ್ಕು ವಯಸ್ಸಿನಲ್ಲೂ ಮೀಸೆಯಷ್ಟು ಚುರುಕಾಗಿ ಪಿಸ್ತೂಲು ತೆಗೆಯುವವನನ್ನು ನಾನು ಕಂಡಿರಲಿಲ್ಲ.

* * *

ಕಂಪನಿಯ ಆಯುಧ ಕೋಣೆ ಒಂದು ಹಳೇ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಗೋಡೆಗೆ ಒರಗಿ ಎರಡು ಕಬ್ಬಿಣದ ಬೀರು. ಬೀರುಗಳ ಒಳಗೆ ಹಗಲೂ ರಾತ್ರಿ ಉರಿಯುವ ಒಂದೊಂದು ಬಲ್ಬು. ತೇವ ಆರಲಿ ಅಂತ ಹಾಗೆ. ಮೂಲೆಯ ಮೇಜಿನ ಮೇಲೆ ಎಣ್ಣೆ ಬಟ್ಟೆ, ಕುಂಚ, ಚಹಾಕ್ಕೆ ನೀರು ಕಾಯಿಸುವ ಕರೆಂಟಿನ ಕೆಟಲು. ಎಲ್ಲ ಸಾಲಾಗಿ ಜೋಡಿಸಿದ್ದವು.

ಅದು ಮೇಷ್ಟ್ರ ರಾಜ್ಯ. ಕಾವಲಿನವರಿಗೆಲ್ಲ ತರಬೇತಿ ಕೊಟ್ಟವರು ಅವರೇ, ಆಯುಧ ಕೊಟ್ಟು ಪಡೆಯುವವರೂ ಅವರೇ. ಸಣ್ಣ ಮೈಕಟ್ಟಿನ, ಇಸ್ತ್ರಿ ಕೆಡದ ಮನುಷ್ಯ. ಅಂದು ಮಾತ್ರ ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿತ್ತು. ಯಾಕಾಗಬಾರದು? ಮೀಸೆ ಅವರಿಗೆ ಮೂವತ್ತು ವರ್ಷದ ಗೆಳೆಯ. ಸಾಲದ್ದಕ್ಕೆ ಬೀಗ. ಮೀಸೆಯ ಒಬ್ಬಳೇ ಮಗಳು ಮೇಷ್ಟ್ರ ಮನೆಯ ಸೊಸೆ.

ಒರೆಯಿಂದ ಪಿಸ್ತೂಲು ಯಾಕೆ ಬರಲಿಲ್ಲ ಎಂದು ಮೇಡಂ ಕೇಳಿದರು. ಮೇಷ್ಟ್ರು ಬೀರಿನ ಮೇಲಿಂದ ಒಂದು ಫೈಲು ತೆಗೆದು ಮುಂದಿಟ್ಟರು. ಮೂರು ವರ್ಷದಿಂದ ಕಂಪನಿಯ ಮಾಲೀಕರಿಗೆ ಬರೆದ ಹದಿನಾಲ್ಕು ಪತ್ರ. ಎಲ್ಲದರಲ್ಲೂ ಒಂದೇ ಮಾತು: ಈ ಊರಿನ ಹವೆಗೆ ಚರ್ಮದ ಒರೆ ಆಗಿಬರುವುದಿಲ್ಲ. ಚರ್ಮ ಬೆವರು ಕುಡಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಪಿಸ್ತೂಲಿಗೆ ತುಕ್ಕು, ಗುಂಡಿನ ಹಿತ್ತಾಳೆಗೆ ಹಸಿರು ಕಿಲುಬು. ನೈಲಾನ್ ಬಟ್ಟೆಯದು ಇನ್ನೂ ಅಧ್ವಾನ, ನೆನೆದರೆ ಜೋತುಬೀಳುತ್ತದೆ. ಅಚ್ಚು ಒತ್ತಿದ ಗಟ್ಟಿ ಪ್ಲಾಸ್ಟಿಕ್ಕಿನದೇ ಸೈ. ಅದು ನೀರು ಕುಡಿಯುವುದಿಲ್ಲ. ದಿನಾ ಒಮ್ಮೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಓದುತ್ತ ನಾನು ತಲೆಯಾಡಿಸಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಇದಕ್ಕೆ ಅಡ್ಡಗಾಲು ಹಾಕಿದ್ದು ಮೀಸೆಯೇ ಎಂದು ಉಳಿದ ಕಾವಲಿನವರಿಂದ ತಿಳಿಯಿತು. ಪ್ಲಾಸ್ಟಿಕ್ಕು ಕೂತರೆ ಕಿರ್ ಅನ್ನುತ್ತೆ, ಸೊಂಟಕ್ಕೆ ಡಬ್ಬ ಕಟ್ಟಿಕೊಂಡ ಹಾಗಾಗುತ್ತೆ ಎಂದು ನಗೆಯಾಡುತ್ತಿದ್ದ. ಎಲ್ಲರೂ ಅವನ ಕಡೆ. ಬೀಗರಿಬ್ಬರ ಜಗಳ ಕೇಳಿ ಕೇಳಿ ಸಾಕಾಗಿ ಮಾಲೀಕರು ಒಂದು ಪರೀಕ್ಷೆ ಇಟ್ಟಿದ್ದರು. ಮೀಸೆ ಚರ್ಮದ ಒರೆಯಿಂದ, ಮೇಷ್ಟ್ರು ಪ್ಲಾಸ್ಟಿಕ್ ಒರೆಯಿಂದ ಪಿಸ್ತೂಲು ತೆಗೆಯಬೇಕು. ಮಾಲೀಕರು ಗಡಿಯಾರ ಹಿಡಿದು ನೋಡುತ್ತಾರೆ. ಗೆದ್ದ ಒರೆ ಎಲ್ಲರಿಗೂ. ಪರೀಕ್ಷೆ ಇದ್ದದ್ದು ಅದೇ ಗುರುವಾರ, ಸಂಜೆ ನಾಲ್ಕು ಗಂಟೆಗೆ.

“ಬೆಳಗ್ಗೆ ಒರೆ ಬಿಗಿ ಇದ್ದಿದ್ದು ಅವರಿಗೆ ಗೊತ್ತಾಗ್ಲಿಲ್ವಾ?” ಎಂದು ಮೇಡಂ ಕೇಳಿದರು.

ಅದಕ್ಕೆ ಉತ್ತರ ಕಂಪನಿಯ ಒಂದು ಕಟ್ಟಳೆಯಲ್ಲಿತ್ತು. ಎಂಟು ವರ್ಷದ ಹಿಂದೆ ಒಬ್ಬ ಕಾವಲಿನವ ಹೊತ್ತು ಹೋಗದೆ ಪಿಸ್ತೂಲು ತೆಗೆದು ಆಡಿಸುತ್ತ ತನ್ನ ಪಾದಕ್ಕೇ ಹೊಡೆದುಕೊಂಡಿದ್ದ. ಅಂದಿನಿಂದ ಯಾರೂ ಸುಮ್ಮಸುಮ್ಮನೆ ಪಿಸ್ತೂಲು ಮುಟ್ಟುವ ಹಾಗಿಲ್ಲ. ಮೇಷ್ಟ್ರೇ ಒರೆಗೆ ಹಾಕಿ, ಗುಂಡಿ ಒತ್ತಿ, ಬೆಲ್ಟಿನ ಸಮೇತ ಕೈಗೆ ಕೊಡುತ್ತಾರೆ. ಸಂಜೆ ಹಾಗೆಯೇ ವಾಪಸು. ನಡುವೆ ಪಿಸ್ತೂಲು ಹೊರಗೆ ಬರುವುದು ಪ್ರಾಣಕ್ಕೆ ಬಂದಾಗ ಮಾತ್ರ. ಎಂಟು ವರ್ಷದಲ್ಲಿ ಅಂಥ ಗಳಿಗೆ ಒಮ್ಮೆಯೂ ಬಂದಿರಲಿಲ್ಲ.

“ತೇವಕ್ಕೆ ಹಿಗ್ಗಿ ಹಿಡ್ಕೊಂಡಿದೆ ಮೇಡಂ,” ಅಂದರು ಮೇಷ್ಟ್ರು. “ನಾನು ಬರ್ದಿದ್ದೆ. ಹದಿನಾಲ್ಕು ಸಲ ಬರ್ದಿದ್ದೆ.”

ನನಗೆ ಅಯ್ಯೋ ಅನ್ನಿಸಿತು. ಫೈಲು ಮುಚ್ಚಿ ವಾಪಸು ಕೊಟ್ಟೆ.

* * *

ಶನಿವಾರ ಬೆಳಗ್ಗೆ ಬೈಕಿನವರು ಸಿಕ್ಕಿಬಿದ್ದರು. ಪೆಟ್ಟಿಗೆಯೂ ಸಿಕ್ಕಿತು. ಗುಂಡು ಹೊಡೆದವನು ಬಾಯಿ ಬಿಡಲಿಲ್ಲ. ಬೈಕು ಓಡಿಸಿದವನು ಅಳುತ್ತ ಎಲ್ಲ ಹೇಳಿದ. ಅವನ ಒಂದು ಮಾತು ನನ್ನ ಕಿವಿಯಲ್ಲೇ ಉಳಿಯಿತು.

“ಅವ್ರು ಸೊಂಟಕ್ಕೆ ಕೈ ಹಾಕಿದ ತಕ್ಷಣ ನಾನು ಗಾಡಿ ತಿರುಗಿಸಿದ್ದೆ ಸಾರ್, ಓಡಿಹೋಗೋಣ ಅಂತ. ಮೂರು ಸಲ ಎಳೆದ್ರು. ಬರ್ಲಿಲ್ಲ. ಆಮೇಲೆ ಇವನು ಹೊಡೆದ.”

ಇದೇ ಹುಡುಗ ಹೋದ ವರ್ಷ ಎರಡು ತಿಂಗಳು ಒಂದು ಚರ್ಮದ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡಿದ್ದ. ಆ ಅಂಗಡಿ ಯಾರದು? ಕಂಪನಿಯ ಇಪ್ಪತ್ತೆರಡೂ ಒರೆ ಹೊಲಿದುಕೊಟ್ಟ ಅಜ್ಜನದು. ಮೀಸೆಯ ಒರೆಯ ಹೊಲಿಗೆ ಹೊಸದಾಗಿತ್ತು ಎಂದು ನಾನು ಗುರುವಾರವೇ ವರದಿಯಲ್ಲಿ ಬರೆದಿದ್ದೆ. ವಿಚಾರಿಸಿದರೆ, ಹತ್ತು ದಿನದ ಹಿಂದೆ ಅದೇ ಅಜ್ಜ ಅದನ್ನು ಬಿಚ್ಚಿ ಮತ್ತೆ ಹೊಲಿದಿದ್ದ.

ಮೇಲಧಿಕಾರಿಗಳಿಗೆ ಇಷ್ಟೇ ಸಾಕಾಯಿತು. ಒಳಗಿನವರ ಕೈ ಇದೆ, ಒರೆಯನ್ನು ಬೇಕಂತಲೇ ಬಿಗಿ ಹೊಲಿದಿದ್ದಾನೆ ಎಂದು ತೀರ್ಮಾನವಾಯಿತು. ಸಂಜೆಗೆ ಅಜ್ಜನನ್ನು ಕರೆತಂದು ಲಾಕಪ್ಪಿಗೆ ಹಾಕಿದರು. ಸೋಮವಾರ ಬೆಳಗ್ಗೆ ಕೋರ್ಟಿಗೆ ಒಪ್ಪಿಸಬೇಕು. ಕೊಲೆಯಲ್ಲಿ ಪಾಲುದಾರ ಎಂದು.

ಎಪ್ಪತ್ತು ದಾಟಿದ ಜೀವ. ಬೆರಳ ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಗುರುತು. ಬೆಂಚಿನ ತುದಿಯಲ್ಲಿ ಕುಳಿತು ತನ್ನ ಅಂಗಡಿಯ ಬೀಗ ಹಾಕಿದ್ದೀರಾ ಎಂದು ಮೂರು ಸಲ ಕೇಳಿದ. ನಾನು ಬರೆದ ಒಂದು ಸಾಲು ಅವನನ್ನು ಅಲ್ಲಿ ಕೂರಿಸಿತ್ತು. ಮನೆಗೆ ಹೋದರೂ ಅನ್ನ ಸೇರಲಿಲ್ಲ.

* * *

ಭಾನುವಾರ ಬೆಳಗ್ಗೆ ಎಂಟಕ್ಕೇ ಠಾಣೆಗೆ ಬಂದೆ. ಕಂಪನಿಯಿಂದ ತರಿಸಿದ್ದ ಉಳಿದ ಇಪ್ಪತ್ತೊಂದು ಒರೆಗಳನ್ನು ಉದ್ದ ಮೇಜಿನ ಮೇಲೆ ಹರಡಿದೆ. ಕೊನೆಯಲ್ಲಿ ಮೀಸೆಯದು.

ಇಪ್ಪತ್ತೊಂದೂ ಮೆತ್ತಗಿದ್ದವು. ಬಾಯಿ ಸಡಿಲ. ಹೊಲಿಗೆಯ ತೂತುಗಳಲ್ಲಿ ಬೂದು ಬೂಷ್ಟು. ಒಂದೊಂದರಲ್ಲೂ ಪಿಸ್ತೂಲು ಹಾಕಿ ತಲೆಕೆಳಗು ಮಾಡಿದೆ. ಗುಂಡಿ ಹಾಕದಿದ್ದರೆ ಪುಸಕ್ಕನೆ ಜಾರಿ ಬೀಳುತ್ತಿತ್ತು. ಮೀಸೆಯದು ಒಣ ಕೊಬ್ಬರಿ ಚಿಪ್ಪಿನ ಹಾಗಿತ್ತು. ಬೆರಳಲ್ಲಿ ತಟ್ಟಿದರೆ ಟಕ್ ಅನ್ನುತ್ತಿತ್ತು. ಬಣ್ಣ ಕಪ್ಪಾಗಿತ್ತು, ಅಂಚು ಸುರುಟಿತ್ತು. ಬೂಷ್ಟಿನ ಒಂದು ಚುಕ್ಕೆಯೂ ಇಲ್ಲ.

ಮೇಜಿನ ಮುಂದೆ ಪೆಚ್ಚಾಗಿ ನಿಂತೆ. ತೇವಕ್ಕೆ ಚರ್ಮ ಹಿಗ್ಗುತ್ತದೆ, ಸಡಿಲವಾಗುತ್ತದೆ, ಜೋಲುತ್ತದೆ. ಕುಗ್ಗಿ ಕಲ್ಲಾಗುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇ? ಮೇಷ್ಟ್ರಿಗೆ ಗೊತ್ತಿಲ್ಲದ್ದೇ?

ಒರೆ ಎತ್ತಿಕೊಂಡು ಲಾಕಪ್ಪಿನ ಹತ್ತಿರ ಹೋದೆ. ಅಜ್ಜ ಕಂಬಿಯ ಸಂದಿಯಿಂದ ಕೈ ಚಾಚಿ ತೆಗೆದುಕೊಂಡು ಬೆಳಕಿಗೆ ಹಿಡಿದ. ದಾರವನ್ನು ಉಗುರಿನಿಂದ ಕೆರೆದ. ಮೂಸಿ ನೋಡಿದ. ಮುಖ ಕಿವುಚಿದ.

“ಜೇನುಮೇಣ ಹಚ್ಚದೆ ನಾನು ದಾರಾನೇ ಪೋಣಿಸಲ್ಲ,” ಅಂದ. “ಇದ್ರಲ್ಲಿ ಮೇಣ ಇಲ್ಲ ನೋಡಿ. ಕರಗಿ ಹೋಗಿದೆ. ಯಾರೋ ಕುದಿಯೋ ನೀರು ಹುಯ್ದಿದಾರೆ ಮಗಾ. ಚರ್ಮಾನ ಬೇಯಿಸಿಬಿಟ್ಟಿದಾರೆ.”

ಒರೆಯ ತಳಕ್ಕೆ ಬ್ಯಾಟರಿ ಬಿಟ್ಟು ನೋಡಿದೆ. ಮೂಲೆಯಲ್ಲಿ ತೆಳ್ಳಗೆ, ಹಳದಿಯಾಗಿ ಮೇಣ ಹೆಪ್ಪುಗಟ್ಟಿತ್ತು.

ಆಮೇಲೆ ಪಿಸ್ತೂಲು ತೆಗೆದೆ. ಗುರುವಾರ ಯಾವುದನ್ನು ನೋಡಿ ಸುಮ್ಮನಾಗಿದ್ದೆನೋ ಆ ತುಕ್ಕನ್ನು ಈಗ ನೋಡಿದೆ. ಹಳೇ ತುಕ್ಕು ಕಂದಾಗಿ ಕಬ್ಬಿಣವನ್ನು ಕೊರೆದಿರುತ್ತದೆ. ಇದು ಬೆರಳಿಗೆ ಅಂಟುವ ಕೆಂಪು ಹುಡಿ. ಒರೆಸಿದರೆ ಹೋಗುವಂಥದ್ದು. ಒಂದು ರಾತ್ರಿಯ ತುಕ್ಕು. ನೆನೆದ ಒರೆಯೊಳಗೆ ಪಿಸ್ತೂಲಿಟ್ಟು ಒಣಗಿಸಿದ್ದರು. ಪಿಸ್ತೂಲಿನ ಮೈಗೆ ಚರ್ಮ ಅಚ್ಚೊತ್ತಿದ ಹಾಗೆ ಕೂತಿತ್ತು.

ಮೇಡಂಗೆ ಫೋನ್ ಮಾಡಿದೆ. ಅವರು ಹದಿನೈದು ನಿಮಿಷದಲ್ಲಿ ಬಂದರು.

* * *

ಕಂಪನಿಯ ಆಯುಧ ಕೋಣೆಯ ಇನ್ನೊಂದು ಕೀ ಮಾಲೀಕರ ಹತ್ತಿರ ಇತ್ತು. ಅವರನ್ನೇ ಕರೆದುಕೊಂಡು ಹೋದೆವು. ಬಾಗಿಲು ತೆಗೆದದ್ದೇ ಎಣ್ಣೆಯ ವಾಸನೆ. ಎರಡೂ ಬೀರು ತೆರೆಸಿದೆವು. ಮೊದಲನೆಯದರಲ್ಲಿ ಬಲ್ಬಿನ ಕೆಳಗಿನ ಮರದ ಹಲಗೆಯ ಮೇಲೆ ಹಾಸಿದ್ದ ಹಳೇ ಕಾಗದ ಹಾಗೇ ಇತ್ತು. ಎರಡನೆಯದರಲ್ಲಿ ಬಿಳಿ ಹೊಸ ಕಾಗದ. ಮೇಡಂ ಅದನ್ನು ಮೆಲ್ಲನೆ ಎತ್ತಿದರು.

ಕೆಳಗೆ ಹಲಗೆಯ ಮೇಲೆ ಚಹಾದ ಬಣ್ಣದ ಕಲೆ. ಅಗಲ ಬಾಯಿ, ಕಿರಿದಾದ ತುದಿ. ಒರೆಯ ಆಕಾರ. ಚರ್ಮದಿಂದ ಇಳಿದ ನೀರು ಕಾಗದ ದಾಟಿ ಮರಕ್ಕೆ ಇಂಗಿತ್ತು.

ಕೀ ಇರುವುದು ಇಬ್ಬರ ಹತ್ತಿರ. ಮಾಲೀಕರು ಬುಧವಾರ ಊರಲ್ಲೇ ಇರಲಿಲ್ಲ, ಗುರುವಾರ ಮಧ್ಯಾಹ್ನ ಬಂದಿಳಿದರು. ನಾನು ಮೂಲೆಯ ಕೆಟಲನ್ನು ನೋಡಿದೆ. ಮೇಡಂ ನನ್ನ ಮುಖ ನೋಡಿದರು.

ಮೇಷ್ಟ್ರು ಆಗಿರಬಾರದು ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ತುಕ್ಕು ಕಂಡರೆ ಊಟ ಬಿಡುವ ಮನುಷ್ಯ. ಆ ರಾತ್ರಿ ಗೊತ್ತಿದ್ದೂ ಗೊತ್ತಿದ್ದೂ ಒಂದು ಪಿಸ್ತೂಲಿಗೆ ತುಕ್ಕು ಹಿಡಿಸಿದ್ದರು.

* * *

ಮೇಷ್ಟ್ರ ಮನೆಯಲ್ಲಿ ಹಜಾರದ ಕಿಟಕಿಗಳೆಲ್ಲ ತೆರೆದಿದ್ದವು. ಫ್ಯಾನು ತಿರುಗುತ್ತಿತ್ತು. ಮೂಲೆಯ ಕುರ್ಚಿಯ ಮೇಲೆ ಮೀಸೆಯ ಬಟ್ಟೆಯ ಚೀಲ, ಅವನ ಕನ್ನಡಕದ ಡಬ್ಬಿ. ಸೊಸೆ ನಮಗೆ ನೀರು ತಂದಿಟ್ಟು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಅತ್ತು ಅತ್ತು ಕಣ್ಣು ಊದಿತ್ತು. ಅವಳಿಗೆ ಒಳಗೆ ಹೋಗು ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಮೇಡಂ ದನಿ ಏರಿಸಲಿಲ್ಲ. ಒಂದೊಂದೇ ಹೇಳುತ್ತ ಹೋದರು. ಇಪ್ಪತ್ತೊಂದು ಒರೆ ತೇವಕ್ಕೆ ಸಡಿಲವಾಗಿವೆ, ಒಂದು ಮಾತ್ರ ಕುಗ್ಗಿದೆ. ಆದ್ದರಿಂದ ಇದು ಹವೆಯ ಕೆಲಸವಲ್ಲ. ಬಿಗಿಯಾಗಿ ಹೊಲಿದಿದ್ದರೆ ದಾರದಲ್ಲಿ ಮೇಣ ಉಳಿಯುತ್ತಿತ್ತು. ಆದ್ದರಿಂದ ಅಜ್ಜನ ಕೆಲಸವೂ ಅಲ್ಲ. ತುಕ್ಕು ಒಂದು ರಾತ್ರಿಯದು, ಅಂದರೆ ಬುಧವಾರದ್ದು. ಬುಧವಾರ ಸಂಜೆಯಿಂದ ಗುರುವಾರ ಬೆಳಗಿನವರೆಗೆ ಒರೆ ಇದ್ದದ್ದು ಬೀಗ ಹಾಕಿದ ಬೀರಿನಲ್ಲಿ. ಬೀರಿನ ಹಲಗೆಯ ಮೇಲೆ ಅದರ ಕಲೆ ಇದೆ. ಬೈಕಿನವರಿಗೂ ಕೀ ಇದ್ದವರಿಗೂ ಸಂಬಂಧವಿಲ್ಲ, ಅದನ್ನೂ ನೋಡಿದ್ದಾಗಿದೆ. ಹಾಗಾದರೆ ಆ ಒರೆಯಿಂದ ಪಿಸ್ತೂಲು ಬರಬಾರದು ಎಂದು ಬೇಕಿದ್ದದ್ದು ಯಾರಿಗೆ? ಬೆಳಗ್ಗೆ ಹನ್ನೊಂದಕ್ಕಲ್ಲ, ಸಂಜೆ ನಾಲ್ಕಕ್ಕೆ?

ಮೇಷ್ಟ್ರು ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದರು. ಶಾಲೆಯಲ್ಲಿ ಬೈಸಿಕೊಳ್ಳುವ ಮಗುವಿನ ಹಾಗೆ ಕಂಡರು.

“ಮಾಲೀಕರ ಮುಂದೆ ಒಂದ್ಸಲ ಸಿಕ್ಕಿಹಾಕ್ಕೊಳ್ಳಲಿ ಅಂತ ಮೇಡಂ. ಅಷ್ಟೇ,” ಅಂದರು. “ಕೆಟಲ್‌ನಿಂದ ನೀರು ಹುಯ್ದೆ. ಬಲ್ಬಿನ ಕೆಳಗೆ ಇಟ್ಟೆ. ಬೆಳಗ್ಗೆ ನಾನೇ ಕೊಟ್ಟೆ, ಅವನು ನಗ್ತಾ ಕಟ್ಕೊಂಡು ಹೋದ. ಎಂಟು ವರ್ಷದಲ್ಲಿ ಕಾವಲಿನ ಹೊತ್ತಲ್ಲಿ ಒಬ್ಬನೂ ತೆಗೆದಿಲ್ಲ. ಒಂದು ಬೆಳಗ್ಗೆ ದಾಟಿದ್ರೆ ಸಾಕಿತ್ತು.”

“ನೀವು ಹೇಳ್ತಿದ್ದಿದ್ದು ಸರಿಯಾಗೇ ಇತ್ತಲ್ಲ ಮೇಷ್ಟ್ರೇ,” ಅಂದರು ಮೇಡಂ. “ಮತ್ತೆ ಈ ಮೋಸ ಯಾಕೆ?”

“ಮೂರು ವರ್ಷ ಸರಿಯಾಗೇ ಹೇಳ್ದೆ. ಯಾರೂ ಕೇಳ್ಲಿಲ್ಲ. ಕೈಚಳಕದಲ್ಲಿ ಅವನೇ ಗೆಲ್ತಾನೆ ಅಂತ ಗೊತ್ತಿತ್ತು. ಅವನು ಗೆದ್ರೆ ಇನ್ನು ಹತ್ತು ವರ್ಷ ಎಲ್ರೂ ಆ ಕೊಳೆತ ಚರ್ಮಾನೇ ಕಟ್ಕೋಬೇಕು. ಯಾವತ್ತಾದ್ರೂ ಒಬ್ಬನ ಜೀವ ಹೋಗುತ್ತೆ ಅಂತಾನೇ ಹೆದರಿದ್ದೆ ಮೇಡಂ.”

ಅಜ್ಜನನ್ನು ಹಿಡಿದ ಮೇಲೂ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಕೇಳಿದೆ. ನನಗೆ ಸಿಟ್ಟು ಬಂದಿತ್ತು. ಶನಿವಾರ ಠಾಣೆಯ ಗೇಟಿನವರೆಗೂ ಬಂದಿದ್ದರಂತೆ. ಸೊಸೆಯ ಮುಖ ನೆನಪಾಗಿ ವಾಪಸು ಹೋದರಂತೆ. ಹೇಳಿ ತಲೆ ಎತ್ತಲಿಲ್ಲ.

ಆಗ ಬಾಗಿಲಲ್ಲಿ ನಿಂತಿದ್ದವಳು ಮುಂದೆ ಬಂದಳು. ಮೀಸೆಯ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡು ಅದೇ ಕುರ್ಚಿಯಲ್ಲಿ ಕುಳಿತಳು. ಕೂಗಾಡುತ್ತಾಳೆ ಅಂದುಕೊಂಡೆ. ಕೂಗಾಡಲಿಲ್ಲ.

“ಮಾವ, ಬುಧವಾರ ಅಪ್ಪ ಫೋನ್ ಮಾಡಿದ್ರು,” ಅಂದಳು. “ನಿಮ್ಮ ಮಾವ ಹೇಳೋದೇ ಸರಿ ಕಣೇ, ಈ ಚರ್ಮ ಕಟ್ಕೊಂಡು ಸೊಂಟ ಎಲ್ಲ ನವೆ, ಹಟಕ್ಕೆ ಬಿದ್ದು ಇಷ್ಟು ದಿನ ಒಪ್ಕೊಳ್ಲಿಲ್ಲ ಅಂದ್ರು. ನಾಳೆ ಬೇಕಂತ್ಲೇ ನಿಧಾನಕ್ಕೆ ತೆಗೀತೀನಿ, ಮಾಲೀಕರ ಮುಂದೆ ಅವರೇ ಗೆಲ್ಲಲಿ ಅಂದ್ರು.”

ಮೇಷ್ಟ್ರು ಸೊಸೆಯನ್ನೇ ನೋಡುತ್ತಿದ್ದರು.

“ಈಗ್ಲೇ ಹೇಳ್ಬೇಡ, ಹೇಳಿದ್ರೆ ರಾತ್ರಿಯೆಲ್ಲ ಬೀಗಿ ಕುಣೀತಾರೆ ಅಂತ ನಕ್ಕರು. ನಾನೂ ನಕ್ಕೆ. ಸಂಜೆ ನೀವು ಮನೆಗೆ ಬಂದಾಗ ಹೇಳ್ಬೇಕು ಅಂತ ಬಾಯಿ ತುದಿಗೆ ಬಂದಿತ್ತು ಮಾವ. ಹೇಳ್ಲಿಲ್ಲ.”

ಹೇಳಿದ್ದರೆ ಮೇಷ್ಟ್ರು ವಾಪಸು ಓಡಿಹೋಗಿ ಬೀರು ತೆಗೆಯುತ್ತಿದ್ದರು. ಅದು ಅಲ್ಲಿದ್ದ ನಾಲ್ವರಿಗೂ ಒಟ್ಟಿಗೇ ಹೊಳೆಯಿತು. ಮೇಷ್ಟ್ರು ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತರು, ನಾವು ಕರೆದುಕೊಂಡು ಹೋಗಲಿ ಎಂದು. ಎಡಗಾಲಿನದು ಬಲಗಾಲಿಗೆ ಹಾಕಿಕೊಂಡಿದ್ದರು. ಸೊಸೆ ಬಗ್ಗಿ ಅದನ್ನು ಸರಿ ಮಾಡಿದಳು.

* * *

ಅಜ್ಜನನ್ನು ಆ ಸಂಜೆಯೇ ಬಿಟ್ಟೆವು. ಅಂಗಡಿಯವರೆಗೂ ನಾನೇ ಹೋಗಿ ಬಿಟ್ಟುಬಂದೆ, ಕೈಮುಗಿದು ತಪ್ಪಾಯಿತು ಎಂದೆ. ಅವನು ಬೀಗ ಜಗ್ಗಿ ನೋಡಿ, ಸರಿಯಾಗಿದೆ ಎಂದು ತೆರೆದು ಒಳಗೆ ಹೋದ.

ಕೊಂದವನ ಮೇಲೆ ಕೊಲೆಯ ಕೇಸು. ಮೇಷ್ಟ್ರ ಮೇಲೆ ಬೇರೆಯ ಕೇಸು, ಗೊತ್ತಿದ್ದೂ ಮಾಡಿದ ಕೆಲಸದಿಂದ ಸಾವಿಗೆ ದಾರಿ ಮಾಡಿದ್ದಕ್ಕೆ. ಅವರು ವಕೀಲರನ್ನು ಇಡಲು ಒಪ್ಪಲಿಲ್ಲ. ಸೊಸೆ ಇಟ್ಟಳು. ವಾರಕ್ಕೊಮ್ಮೆ ಜೈಲಿಗೆ ಭೇಟಿಗೂ ಹೋಗುತ್ತಾಳೆ. ಒಳಗೆ ಏನು ಮಾತಾಡುತ್ತಾರೋ ಗೊತ್ತಿಲ್ಲ. ಒಮ್ಮೆ ಕೇಳಿದ್ದಕ್ಕೆ, ಮಾತಾಡುವುದಿಲ್ಲ, ಸುಮ್ಮನೆ ಕೂತಿರುತ್ತೇವೆ ಎಂದಳು.

ಮಾಲೀಕರು ಹದಿನಾಲ್ಕು ಪತ್ರಗಳನ್ನೂ ಓದಿದರಂತೆ. ಮರುತಿಂಗಳು ಇಪ್ಪತ್ತೊಂದು ಪ್ಲಾಸ್ಟಿಕ್ ಒರೆ ಬಂದವು. ಪತ್ರದಲ್ಲಿ ಮೇಷ್ಟ್ರು ಬರೆದಿದ್ದ ಅಳತೆ, ಅವರು ಬರೆದಿದ್ದ ದಪ್ಪ, ಎಲ್ಲ ಹಾಗೆಯೇ. ಕಾವಲಿನವರು ಈಗ ಬೆಳಗ್ಗೆ ಬೆಲ್ಟು ಕೈಗೆ ಬಂದ ಕೂಡಲೇ ಗೋಡೆಯ ಕಡೆ ತಿರುಗಿ ಒಮ್ಮೆ ಪಿಸ್ತೂಲು ತೆಗೆದು ನೋಡಿ ಮತ್ತೆ ಹಾಕುತ್ತಾರೆ. ಹಳೇ ಕಟ್ಟಳೆಯನ್ನು ತೆಗೆದಿದ್ದಾರೆ.

ನಾನೂ ಇಪ್ಪತ್ತು ವರ್ಷದ ಚರ್ಮದ ಒರೆ ಬಿಚ್ಚಿಟ್ಟು ಪ್ಲಾಸ್ಟಿಕ್ಕಿನದು ಕಟ್ಟಿಕೊಂಡಿದ್ದೇನೆ. ತುಕ್ಕಿಲ್ಲ, ಬೂಷ್ಟಿಲ್ಲ. ಮೇಷ್ಟ್ರು ಹೇಳಿದ್ದೇ ಸರಿ. ಆದರೆ ಕುರ್ಚಿಯ ಮೇಲೆ ಕುಳಿತಾಗಲೆಲ್ಲ ಅದು ಕಿರ್ ಅನ್ನುತ್ತದೆ. ಆಗೆಲ್ಲ ಮೀಸೆಯೂ ಸರಿಯಾಗಿಯೇ ಹೇಳಿದ್ದ ಎಂದು ನೆನಪಾಗಿ, ಸ್ವಲ್ಪ ಹೊತ್ತು ಅಲ್ಲಾಡದೆ ಕೂರುತ್ತೇನೆ.